ವೀಸಾ ಎಂಬ ಜರಡಿ

ಕ್ಯಾಲಿಫೋರ್ನಿಯಾದಲ್ಲಿ ವಲಸೆ ಬಂದವರ ಮನೆಗಳಿಗೆ ಹೋಗಿ ಮಾತಾಡಿಸುವುದು ನನ್ನ ಕೆಲಸ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ನಮ್ಮ ಮಕ್ಕಳು ಓದಿನಲ್ಲಿ ಮುಂದೆ, ಮೆಕ್ಸಿಕೋದವರ ಮಕ್ಕಳು ಯಾಕೆ ಹಿಂದೆ ಮೇಡಂ? ನಮ್ಮ ಸಂಸ್ಕಾರ, ಅಲ್ವಾ?”

ಸಂಸ್ಕಾರ ಆಮೇಲೆ, ಮೊದಲು ವೀಸಾ ನೋಡಿ ಎನ್ನುತ್ತೇನೆ. 1965ರ ಅಮೆರಿಕದ ವಲಸೆ ಕಾನೂನು ಬಾಗಿಲು ತೆರೆದಾಗ ಭಾರತದಿಂದ ಬಂದವರಲ್ಲಿ ಡಾಕ್ಟರು, ಇಂಜಿನಿಯರುಗಳೇ ಜಾಸ್ತಿ. 1990ರಲ್ಲಿ ಬಂದ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೂ ಸಾಮಾನ್ಯವಾಗಿ ಡಿಗ್ರಿ ಬೇಕು. ಇಷ್ಟು ಸಣ್ಣ ಕಣ್ಣಿನ ಜರಡಿ ಹಿಡಿದರೆ ಇನ್ನೇನಾಗುತ್ತದೆ? ಇಲ್ಲಿನ ಭಾರತೀಯ ಮೂಲದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಮೂವರು ಪದವೀಧರರು. ಸಮಾಜಶಾಸ್ತ್ರಜ್ಞರಾದ ಜೆನಿಫರ್ ಲೀ ಮತ್ತು ಮಿನ್ ಝೌ ಇದಕ್ಕೆ ‘ಹೈಪರ್ ಸೆಲೆಕ್ಟಿವಿಟಿ’ ಎನ್ನುತ್ತಾರೆ. ಅಂದರೆ ಬಂದವರು ಊರಲ್ಲಿ ಉಳಿದವರಿಗಿಂತಲೂ, ಬಂದು ಸೇರಿದ ದೇಶದವರಿಗಿಂತಲೂ ಹೆಚ್ಚು ಓದಿದವರು.

ಲಾಸ್ ಏಂಜಲೀಸ್‌ನಲ್ಲಿ ಅವರು ಕಂಡದ್ದು ಇನ್ನೂ ಸ್ವಾರಸ್ಯ. ಅಪ್ಪ ಕೂಲಿ ಮಾಡುವವನಾದರೂ ಚೀನೀ ಹುಡುಗನಿಗೆ ಹೆಚ್ಚು ಓದಿದ ತನ್ನವರಿಂದಲೇ ಒಳ್ಳೆಯ ಶಾಲೆ, ಟ್ಯೂಷನ್ನಿನ ಸುದ್ದಿ ಸಿಗುತ್ತದೆ. ಟೀಚರೂ ಅವನನ್ನು ಜಾಣನೆಂದೇ ನೋಡುತ್ತಾರೆ. ಮೆಕ್ಸಿಕನ್ ಹುಡುಗನಿಗೆ ಈ ಎರಡೂ ಇಲ್ಲ. ಆದರೂ ಹೈಸ್ಕೂಲೇ ಮುಗಿಸದ ತಂದೆತಾಯಿಯ ಮಗ ಕಾಲೇಜು ಮುಗಿಸಿದರೆ, ಹೆಚ್ಚು ದೂರ ನಡೆದವನು ಅವನೇ ಅಲ್ವಾ?

ಒಂದು ಮನೆ ನೆನಪಾಗುತ್ತದೆ. ಅಮ್ಮ ಸ್ಟ್ರಾಬೆರಿ ತೋಟದಲ್ಲಿ ಕೂಲಿ. ಶಾಲೆಯ ಪತ್ರ, ಬಾಡಿಗೆ ಕರಾರು ಎಲ್ಲವನ್ನೂ ಓದಿ ಸ್ಪ್ಯಾನಿಷ್‌ನಲ್ಲಿ ಹೇಳುವವಳು ಹನ್ನೆರಡು ವರ್ಷದ ಮಗಳು. ನಾನು ಹೋದ ದಿನ ಹೋಂವರ್ಕ್ ಮುಚ್ಚಿಟ್ಟು, ಕರೆಂಟ್ ಬಿಲ್ಲಿನ ವಿಷಯಕ್ಕೆ ಫೋನ್ ಹಚ್ಚಿದಳು. ದನಿ ದಪ್ಪ ಮಾಡಿಕೊಂಡು, ತಾನೇ ಅಮ್ಮನ ಹಾಗೆ ಮಾತಾಡಿದಳು. ನಲವತ್ತು ನಿಮಿಷ.

ಅದೇ ವಾರ ಒಂದು ಕನ್ನಡದ ಮನೆ. ಅದೇ ವಯಸ್ಸಿನ ಹುಡುಗ, ಪಕ್ಕದಲ್ಲಿ ಲೆಕ್ಕ ಹೇಳಿಕೊಡಲು ಇಂಜಿನಿಯರ್ ಅಪ್ಪ. ಆದರೆ ಅಲ್ಲೂ ಒಂದು ಜರಡಿ ಕಾದು ಕೂತಿದೆ. ಉದ್ಯೋಗದ ಮೇಲೆ ಇಲ್ಲೇ ಕಾಯಂ ನೆಲೆಸಲು ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 7ರ ಮಿತಿ, ಹಾಗಾಗಿ ಭಾರತೀಯರ ಸಾಲು ಬಲು ಉದ್ದ. ಹುಡುಗ ಇರುವುದು ಅಪ್ಪನ ವೀಸಾದ ನೆರಳಿನಲ್ಲಿ. 21 ತುಂಬಿದರೆ ಆ ನೆರಳೂ ಇಲ್ಲ.

ಕಾಫಿ ಕೊಡುತ್ತಾ ಅವನ ಅಮ್ಮ, ಮಗನಿಗೆ ಕೇಳಿಸದ ಹಾಗೆ ಹೇಳಿದರು: “ಇನ್ನು ಒಂಬತ್ತು ವರ್ಷ ಇದೆ, ಮೇಡಂ.”