ಬಿಸಿಲು ಬಿಡು ಅನ್ನುತ್ತದೆ, ಗಾಳಿ ಹಿಡಿ ಅನ್ನುತ್ತದೆ

ಬಳ್ಳಾರಿಯ ನಮ್ಮ ಮನೆಯ ಮಾಳಿಗೆಗೆ ಡೆಕ್, ಅಂದರೆ ಹಲಗೆಯ ನೆಲಹಾಸು, ಹಾಕಿಸಿದ್ದು ಡಿಸೆಂಬರ್ ತಿಂಗಳಲ್ಲಿ. ಮರದ ಹುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ, ಹನ್ನೆರಡು ಅಡಿ ಉದ್ದದ ಹಲಗೆಗಳು. ದೂರದಿಂದ ನೋಡಿದರೆ ತೇಗ, ಮುಟ್ಟಿದರೆ ಮರವೋ ಪ್ಲಾಸ್ಟಿಕ್ಕೋ ತಿಳಿಯದು. ಬಣ್ಣ ಬಳಿಯಬೇಕಿಲ್ಲ, ಎಣ್ಣೆ ಹಚ್ಚಬೇಕಿಲ್ಲ, ಗೆದ್ದಲು ಹತ್ತುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ಆ ಮಾತು ಬಹುಮಟ್ಟಿಗೆ ನಿಜವೇ. ಹಾಕಲು ಬಂದ ಬಡಗಿ ಮೂವತ್ತು ವರ್ಷದಿಂದ ಬಾಗಿಲು, ಕಿಟಕಿ ಮಾಡಿಕೊಂಡು ಬಂದ ಹಿರಿಯರು. ಒಂದು ಹಲಗೆಯ ತುದಿಗೆ ಇನ್ನೊಂದರ ತುದಿಯನ್ನು ಕೂದಲೂ ತೂರದಂತೆ ಕೂಡಿಸಿದರು. "ಬ್ಯಾಸಿಗ್ಯಾಗ ಕಟಗಿ ಒಣಗಿ ಸಂದು ಬಿಡತೈತ್ರಿ. ಈಗ ಬಿಗಿ ಇದ್ರ ಆಗ ಸರಿಹೋಗತೈತಿ" ಎಂದರು. ನನಗೂ ಅದು ಸರಿಯೆನಿಸಿತು.

ಏಪ್ರಿಲ್ ಎರಡನೇ ವಾರ ಮಧ್ಯಾಹ್ನ ಸಂಡಿಗೆ ತಿರುವಿಹಾಕಲು ಮೇಲೆ ಹೋದ ಅಮ್ಮ ಎಡವಿ ಬಿದ್ದರು. ಎರಡು ಹಲಗೆಗಳು ಎದುರುಬದುರು ಒತ್ತಿಕೊಂಡು, ಗುಡಿಸಲಿನ ಸೂರಿನ ಹಾಗೆ ನಡುವೆ ಮೇಲೆದ್ದಿದ್ದವು. ಅಡಿಯ ಕ್ಲಿಪ್ಪೊಂದು ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಅಮ್ಮನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಆದರೆ ಹಲಗೆ ಎದ್ದದ್ದೇಕೆ ಎನ್ನುವುದು ಮನಸ್ಸಿನಿಂದ ಹೋಗಲಿಲ್ಲ.

ಬಡಗಿಯ ಮಾತು ಮರದ ಮಟ್ಟಿಗೆ ನೂರಕ್ಕೆ ನೂರು ನಿಜ. ಮರವೆಂದರೆ ನೀರು ಕುಡಿಯುವ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಮಳೆಗಾಲದ ತೇವಕ್ಕೆ ಅಡ್ಡಗಲ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಸಂಕುಚಿಸುತ್ತದೆ. ಶ್ರಾವಣದಲ್ಲಿ ಹಿಡಿದುಕೊಂಡ ಬಾಗಿಲು ಶಿವರಾತ್ರಿಯ ಹೊತ್ತಿಗೆ ಸಲೀಸಾಗಿ ತೆರೆಯುವುದು ಇದರಿಂದಲೇ. ಬಿಸಿಗೆ ಮಾತ್ರ ಮರ ಹೆಚ್ಚು ಜಗ್ಗುವುದಿಲ್ಲ. ನಾರಿನ ಉದ್ದಕ್ಕೆ ಅಳೆದರೆ, ಒಂದು ಡಿಗ್ರಿ ಬಿಸಿ ಏರಿದಾಗ ಅದು ಹಿಗ್ಗುವುದು ಹತ್ತು ಲಕ್ಷ ಭಾಗದಲ್ಲಿ ನಾಲ್ಕೈದು ಭಾಗ, ಅಷ್ಟೆ. ನಮ್ಮ ಬಡಗಿಗಳ ಕೈಗೆ ತಲೆತಲಾಂತರದಿಂದ ಗೊತ್ತಿರುವುದು ನೀರಿನ ಲೆಕ್ಕ. ಈ ಹೊಸ ಹಲಗೆ ನಡೆಯುವುದು ಬಿಸಿಯ ಲೆಕ್ಕದಲ್ಲಿ. ಮರ ಕುಗ್ಗುವ ಕಾಲದಲ್ಲೇ ಇದು ಹಿಗ್ಗುತ್ತದೆ.

ಹಲಗೆಯೊಳಗೆ ಇರುವುದೇನು? ಅರ್ಧದಷ್ಟು ಮರದ ಹುಡಿ. ಉಳಿದದ್ದು ಬಹುಪಾಲು ಪಾಲಿಥೀನ್. ಕೆಲವದರಲ್ಲಿ ಪಾಲಿಪ್ರೊಪಿಲೀನ್, ಇಲ್ಲವೇ ಪಿವಿಸಿ. ಜೊತೆಗೆ ಬಣ್ಣ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ, ಮರಕ್ಕೂ ಪ್ಲಾಸ್ಟಿಕ್ಕಿಗೂ ಬೆಸುಗೆ ಹಾಕುವ ಅಂಟು. ಎಲ್ಲವನ್ನೂ ಕಾಯಿಸಿ ಕಲಸಿ, ಚಕ್ಕುಲಿ ಒತ್ತಿದ ಹಾಗೆ ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ಬಚ್ಚಲ ಬಾಗಿಲಿಗೆ ಡಬ್ಲ್ಯೂಪಿಸಿ (ವುಡ್ ಪ್ಲಾಸ್ಟಿಕ್ ಕಾಂಪೊಸಿಟ್) ಎಂದು ಮಾರುವುದೂ ಇದೇ ಕುಲದ್ದು. ಮರದ ಹುಡಿಯನ್ನು ಹೀಗೆ ಬೆರೆಸುವ ಉಪಾಯ ಹೊಸದೇನಲ್ಲ. 1907ರಲ್ಲಿ ಲಿಯೋ ಬೇಕಲ್ಯಾಂಡ್ ಕಂಡುಹಿಡಿದ ಬೇಕಲೈಟ್ ಎಂಬ ಪ್ಲಾಸ್ಟಿಕ್ಕಿಗೂ ಗಟ್ಟಿತನ ಬರಲೆಂದು ಮರದ ಹುಡಿ ಸೇರಿಸುತ್ತಿದ್ದರು. ಹಳೆಯ ಮನೆಗಳಲ್ಲಿ ಟಕ್ಕೆಂದು ಒತ್ತುತ್ತಿದ್ದ ಆ ದುಂಡನೆಯ ಕಪ್ಪು ಸ್ವಿಚ್ಚುಗಳು ಈ ಹಲಗೆಯ ಹಿರಿಯ ಸಂಬಂಧಿಗಳು.

ಇಂಥ ಹಲಗೆಯೊಳಗೆ ಸದಾ ಒಂದು ಜಗ್ಗಾಟ ನಡೆದಿರುತ್ತದೆ. ಬರೀ ಪಾಲಿಥೀನ್ ಆಗಿದ್ದರೆ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ನೂರು ಭಾಗಕ್ಕೂ ಮೇಲೆ ಹಿಗ್ಗುತ್ತಿತ್ತು. ಮರದ ಹುಡಿ ಅದನ್ನು ಒಳಗಿಂದಲೇ ಹಿಡಿದೆಳೆಯುತ್ತದೆ. ಹಗ್ಗಜಗ್ಗಾಟ ಬಂದು ನಿಲ್ಲುವುದು ಸುಮಾರು 30ರಿಂದ 60ರ ನಡುವೆ. 40 ಎಂದೇ ಹಿಡಿಯೋಣ. ಡಿಸೆಂಬರ್ ನಸುಕಿನಲ್ಲಿ ನಮ್ಮ ಮಾಳಿಗೆಯ ಹಲಗೆ 17 ಡಿಗ್ರಿ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ 62 ಡಿಗ್ರಿ. ಗಾಳಿಯ ತಾಪಮಾನ 41 ಇದ್ದಾಗಲೂ ನೆತ್ತಿಯ ಮೇಲಿನ ಬಿಸಿಲು ಹಲಗೆಯನ್ನು ಅಷ್ಟಕ್ಕೆ ಏರಿಸುತ್ತದೆ. ಎರಡರ ನಡುವೆ 45 ಡಿಗ್ರಿ ಅಂತರ. ಹನ್ನೆರಡು ಅಡಿ ಎಂದರೆ 3.66 ಮೀಟರ್. ಗುಣಿಸಿದರೆ ಹಲಗೆ ಬೆಳೆಯುವುದು ಆರೂವರೆ ಮಿಲಿಮೀಟರ್. ಅಡಿಯಲ್ಲಿ ಜಂತಿಯಂತೆ ಇಟ್ಟ ಜಿಐ ಪೈಪು ನೆರಳಿನಲ್ಲಿದ್ದು, ಉಕ್ಕಾದ್ದರಿಂದ, ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಮೇಲಿನದು ಓಡುತ್ತದೆ, ಕೆಳಗಿನದು ನಿಂತಿರುತ್ತದೆ. ನಡುವೆ ಬಿಗಿದ ಸ್ಕ್ರೂ ಎಲ್ಲಿಗೆ ಹೋಗಬೇಕು?

ಬೇಸಿಗೆ ಮುಗಿಯುವುದಕ್ಕೆ ಮೊದಲೇ ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಿದೆವು. ಬಂದವರು ಅದೇ ಬಡಗಿ. ಲೆಕ್ಕ ತೋರಿಸಿದಾಗ ಒಂದು ಹೊತ್ತು ಸುಮ್ಮನೆ ಕೂತು, ಆಮೇಲೆ "ಹಂಗಾದ್ರ ಇದಕ್ಕ ನಡೂಕ ಮಾತ್ರ ಮೊಳಿ ಹೊಡಿಬೇಕ್ರಿ" ಎಂದರು. ಕಂಪನಿಯ ಕೈಪಿಡಿಯಲ್ಲಿ ಹತ್ತು ಪುಟ ಹಿಡಿದ ಮಾತನ್ನು ಅವರು ಒಂದೇ ಸಾಲಿನಲ್ಲಿ ಹೇಳಿದ್ದರು. ಪ್ರತಿ ಹಲಗೆಯನ್ನು ನಟ್ಟನಡುವೆ ಒಂದು ಕಡೆ ಮಾತ್ರ ಗಟ್ಟಿಯಾಗಿ ಹಿಡಿಸಬೇಕು. ಉಳಿದ ಕಡೆಯೆಲ್ಲ ಹಲಗೆಯ ಪಕ್ಕದ ತೋಡಿನಲ್ಲಿ ಕೂರುವ ಕ್ಲಿಪ್. ಅದು ಹಲಗೆಯನ್ನು ಮೇಲೇಳಲು ಬಿಡುವುದಿಲ್ಲ, ಉದ್ದಕ್ಕೆ ಜಾರಲು ಬಿಡುತ್ತದೆ. ಆಗ ಹಿಗ್ಗು ಎರಡೂ ತುದಿಗೆ ಅರ್ಧರ್ಧ ಹಂಚಿಹೋಗುತ್ತದೆ. ತುದಿ ತುದಿ ಸೇರುವಲ್ಲಿ ಎಷ್ಟು ಸಂದು ಬಿಡಬೇಕೆನ್ನುವುದು ಹಾಕುವ ಹೊತ್ತಿನ ಮೇಲೆ ಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಹಾಕಿದರೆ ಎಂಟು ಮಿಲಿಮೀಟರ್ ಬೇಕು. ಮೇ ತಿಂಗಳ ಮಟಮಟ ಮಧ್ಯಾಹ್ನ ಹಾಕಿದರೆ ಒಂದೆರಡು ಸಾಕು, ಏಕೆಂದರೆ ಹಲಗೆ ಆಗಲೇ ಹಿಗ್ಗಿ ನಿಂತಿರುತ್ತದೆ. ಗೋಡೆಗೆ ತಾಗುವ ಕಡೆಯೂ ಇದೇ ಲೆಕ್ಕ. ಅದಕ್ಕೇ ಹಾಕುವ ಮುನ್ನ ಹಲಗೆಯ ಬಿಸಿಯನ್ನು ಅಳೆಯಬೇಕು. ಕಾರ್ಖಾನೆಗಳಲ್ಲಿ ಬಳಸುವ ಪಿಸ್ತೂಲಿನಾಕಾರದ ಥರ್ಮಾಮೀಟರ್ ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಪಾಲಿಥೀನ್ ಕರಗುವುದು 130 ಡಿಗ್ರಿಯ ಆಸುಪಾಸಿನಲ್ಲಿ. ಆದರೆ 60 ಡಿಗ್ರಿಗೇ ಅದು ಮೆತ್ತಗಾಗತೊಡಗುತ್ತದೆ. ತೂಕ ಹೊತ್ತು ನಿಂತ ಹಲಗೆ ವರ್ಷ ಕಳೆದಂತೆ ಜೋತುಬೀಳುತ್ತದೆ. ತಂಪು ಊರಿನಲ್ಲಿ ಜಂತಿಗಳ ನಡುವೆ 40 ಸೆಂಟಿಮೀಟರ್ ಬಿಟ್ಟರೆ ನಡೆದೀತು. ನಮ್ಮಲ್ಲಿ 30ಕ್ಕಿಂತ ಹೆಚ್ಚು ಬಿಡಬಾರದು.

ಬಿಸಿಲಿನ ಕಥೆ ಇಷ್ಟೇ ಆಗಿದ್ದರೆ ಎಲ್ಲವನ್ನೂ ಸಡಿಲ ಬಿಟ್ಟು ಸುಮ್ಮನಿರಬಹುದಿತ್ತು. ಗಾಳಿ ಅದಕ್ಕೆ ಒಪ್ಪುವುದಿಲ್ಲ. ಮುಂಗಾರಿಗೆ ಮೊದಲು ಸಂಜೆ ಹೊತ್ತು ಏಳುವ ಬಿರುಗಾಳಿ ಒಂದು, ಆಷಾಢದ ಉದ್ದಕ್ಕೂ ಪಡುವಣದಿಂದ ಬೀಸುವ ಗಾಳಿ ಇನ್ನೊಂದು. ಕೊಪ್ಪಳ, ಗದಗ ಕಡೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದೇ ಇದಕ್ಕೆ. ಮುನಿರಾಬಾದಿನ ನನ್ನ ಗೆಳೆಯನ ಮನೆಗೆ ತುಂಗಭದ್ರಾ ಜಲಾಶಯದ ನೀರಿನ ಮೇಲಿಂದ ಗಾಳಿ ಬರುತ್ತದೆ. ದಾರಿಯಲ್ಲಿ ತಡೆಯಲು ಒಂದು ಮರವಿಲ್ಲ, ಗುಡ್ಡವಿಲ್ಲ.

ಗಾಳಿಯ ಒತ್ತಡ ವೇಗದ ವರ್ಗದ ಹಾಗೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 100 ಕಿಲೋಮೀಟರ್ ಬೀಸಿದರೆ ಚದರ ಮೀಟರ್‌ಗೆ ಸುಮಾರು 47 ಕಿಲೋ ತೂಕದಷ್ಟು ಒತ್ತಡ. ಮಾಳಿಗೆಯ ಮೇಲೆ ಅದು ತಳ್ಳುವುದಕ್ಕಿಂತ ಎತ್ತುವುದೇ ಹೆಚ್ಚು. ಅಂಚು ದಾಟಿ ಬಂದ ಗಾಳಿ ಸುಳಿ ಸುತ್ತಿ ಕೆಳಗಿರುವುದನ್ನು ಮೇಲಕ್ಕೆ ಹೀರುತ್ತದೆ. ಮೂಲೆಗಳಲ್ಲಿ ಈ ಹೀರುವಿಕೆ ಜಾಸ್ತಿ. ತಗಡಿನ ಮೇಲೆ ಕಲ್ಲು ಹೇರುವಾಗ ನಮ್ಮ ಹಳ್ಳಿಗಳಲ್ಲಿ ಅಂಚಿಗೂ ಮೂಲೆಗೂ ದೊಡ್ಡ ಕಲ್ಲು ಇಡುವುದನ್ನು ನೋಡಿರಬಹುದು. ಡೆಕ್ಕಿನ ಗಟ್ಟಿ ಹಲಗೆ ಚದರ ಮೀಟರ್‌ಗೆ 25, 30 ಕಿಲೋ ತೂಗೀತು. ಟೊಳ್ಳು ಹಲಗೆ ಇನ್ನೂ ಹಗುರ. ಬಿಡಿಬಿಡಿಯಾಗಿ ಹಾಸಿದರೆ ಮೂಲೆಯದು ಎದ್ದು ಪಕ್ಕದ ಮನೆಯ ಗಾಜಿಗೆ ಹೋಗಿ ಬಡಿಯಬಲ್ಲದು.

ಇಲ್ಲಿಯೇ ಕೆಲಸದ ಜಾಣತನ ಇರುವುದು. ಹಲಗೆ ಸಡಿಲವಿರಲಿ, ಅಡಿಯ ಚೌಕಟ್ಟು ಬಿಗಿಯಿರಲಿ. ಜಿಐ ಪೈಪುಗಳನ್ನು ಒಂದಕ್ಕೊಂದು ಕೂಡಿಸಿ ಒಂದೇ ದೊಡ್ಡ ಮಂಚದ ಹಾಗೆ ಮಾಡಿದರೆ, ಮೂಲೆಯನ್ನು ಎತ್ತಬೇಕಾದ ಗಾಳಿ ಇಡೀ ಮಂಚವನ್ನೇ ಎತ್ತಬೇಕಾಗುತ್ತದೆ. ಆ ಮಂಚವನ್ನು ಪಕ್ಕದ ಪ್ಯಾರಾಪೆಟ್ ಗೋಡೆಗೆ ಹಿಡಿಸಬೇಕೇ ಹೊರತು ಸ್ಲ್ಯಾಬಿಗೆ ತೂತು ಕೊರೆಯಬಾರದು. ಕೊರೆದರೆ ಮೊದಲ ಮಳೆಗೇ ಸೋರುತ್ತದೆ. ಹಲಗೆ ಹಲಗೆಯ ನಡುವಿನ ಐದಾರು ಮಿಲಿಮೀಟರ್ ಸಂದಿಗೂ ಇಲ್ಲಿ ದೊಡ್ಡ ಪಾತ್ರವಿದೆ. ಮೇಲೆ ಒತ್ತಡ ಇಳಿದಾಗ ಅಡಿಯ ಗಾಳಿ ಆ ಸಂದಿಯಿಂದ ಮೇಲೆ ಬಂದು ಎರಡನ್ನೂ ಸಮ ಮಾಡುತ್ತದೆ. ಎತ್ತುವ ಬಲ ಅಷ್ಟರಮಟ್ಟಿಗೆ ಸೋರಿಹೋಗುತ್ತದೆ. ಸಂದಿಗೆ ಸಿಲಿಕೋನ್ ತುಂಬಿ ಅಂದ ಮಾಡಿಸಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಿಸಬೇಡಿ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ರಾಯಚೂರಿನ ತಂಗಿಯ ಮನೆ ನೆನಪಾಗುತ್ತದೆ. ಕಾಫಿ ಬಣ್ಣದ ಡೆಕ್ ಹಾಕಿಸಿದ್ದಳು. ಮೇ ತಿಂಗಳಲ್ಲಿ ಅವಳ ಆರು ವರ್ಷದ ಮಗಳು ಬರಿಗಾಲಲ್ಲಿ ಓಡಿಹೋಗಿ, ನಾಲ್ಕನೇ ಹೆಜ್ಜೆಗೆ ಅಳುತ್ತಾ ನಿಂತಳು. ಕಾಲಿಗೆ ತಟ್ಟುವುದು ನೆಲದ ಬಿಸಿಯಷ್ಟೇ ಅಲ್ಲ, ನೆಲ ಆ ಬಿಸಿಯನ್ನು ಎಷ್ಟು ಬೇಗ ದಾಟಿಸುತ್ತದೆ ಎನ್ನುವುದೂ ಕೂಡ. ಗ್ರಾನೈಟ್, ಮರ, ಈ ಹಲಗೆ ಮೂರೂ 60 ಡಿಗ್ರಿ ಇದ್ದವೆನ್ನಿ. ಗ್ರಾನೈಟ್ ಮುಟ್ಟಿದ ಗಳಿಗೆಗೆ ಚರ್ಮ 50 ಡಿಗ್ರಿಗೆ ಏರುತ್ತದೆ, ಮರವಾದರೆ 39ರ ಸುಮಾರಿಗೆ, ಈ ಹಲಗೆಯಾದರೆ 43ಕ್ಕೆ. ಚರ್ಮ ನೋವೆಂದು ಕೂಗುವ ಗಡಿ ಇರುವುದು 43, 44ರ ಹತ್ತಿರವೇ. ತೀರಾ ಗಡಿಯ ಮೇಲೆ ನಿಂತ ವಸ್ತು ಇದು. ಕಡುಬಣ್ಣ ಹಲಗೆಯನ್ನು ಇನ್ನೂ ಹತ್ತು ಡಿಗ್ರಿ ಏರಿಸಿದರೆ ಗಡಿ ದಾಟಿತು. ಮರಳಿನ ಬಣ್ಣ, ತಿಳಿ ಬೂದಿ ಬಣ್ಣ ಆರಿಸುವುದು ನಮ್ಮ ಊರುಗಳಲ್ಲಿ ರುಚಿಯ ಮಾತಲ್ಲ, ಅಂಗಾಲಿನ ಮಾತು.

ಹಾಗಿದ್ದರೆ ಇದನ್ನು ಹಾಕಿಸುವುದೇ ಯಾಕೆ? ನನ್ನ ಉತ್ತರ ರಾತ್ರಿಯಲ್ಲಿದೆ. ಬರೀ ಸ್ಲ್ಯಾಬ್ ಹಗಲೆಲ್ಲ ಬಿಸಿ ನುಂಗಿ ರಾತ್ರಿಯೆಲ್ಲ ಉಗುಳುತ್ತದೆ. ಕೆಳಗಿನ ಕೋಣೆಯಲ್ಲಿ ಫ್ಯಾನ್ ಹಾಕಿದರೂ ಬಿಸಿಗಾಳಿಯೇ ಬರುವುದು ಅದಕ್ಕೆ. ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಡೆಕ್ ನಿಂತರೆ ಬಿಸಿಲು ಬೀಳುವುದು ಹಲಗೆಗೆ, ಸ್ಲ್ಯಾಬಿಗೆ ನೆರಳು. ನಡುವಿನ ಸಂದಿಯಲ್ಲಿ ಹರಿಯುವ ಗಾಳಿ ಹಲಗೆಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಇಷ್ಟು ಹೊತ್ತು ಕಾಟ ಕೊಟ್ಟ ಗಾಳಿಯೇ ಇಲ್ಲಿ ಉಪಕಾರಿ. ಹಲಗೆ ತೆಳುವಾದ್ದರಿಂದ ಹಿಡಿದಿಟ್ಟುಕೊಳ್ಳುವ ಬಿಸಿಯೂ ಕಡಿಮೆ, ಐದಂಗುಲದ ಸ್ಲ್ಯಾಬಿನ ಐದನೇ ಒಂದು ಪಾಲಿನಷ್ಟು. ಸೂರ್ಯ ಮುಳುಗಿ ಒಂದೂವರೆ ಗಂಟೆಯಲ್ಲಿ ತಣ್ಣಗಾಗಿ, ಚಾಪೆ ಹಾಸಿ ಮಲಗಲು ತಯಾರು.

ನಿರ್ವಹಣೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಗಾಳಿ ತರುವ ಸಂಡೂರು ಕಡೆಯ ಕೆಂಪು ಧೂಳು, ಬಳ್ಳಾರಿ ಜಾಲಿಯ ಸಣ್ಣ ಸಣ್ಣ ಎಲೆಗಳು ಸಂದಿಯಲ್ಲಿ ಕೂತು, ಮೊದಲ ಮಳೆಗೆ ಕೆಸರಾಗಿ ಗಟ್ಟಿಯಾಗುತ್ತವೆ. ಆಗ ನೀರೂ ಹೋಗದು, ಹಲಗೆಗೆ ಹಿಗ್ಗಲು ಜಾಗವೂ ಉಳಿಯದು. ತಿಂಗಳಿಗೊಮ್ಮೆ ತೆಳು ಪಟ್ಟಿಯಿಂದ ಕೆರೆಯಬೇಕು. ಬೋರಿನ ಸವಳು ನೀರಲ್ಲಿ ತೊಳೆದರೆ ಬಿಳಿ ಕಲೆ ನಿಲ್ಲುತ್ತದೆ, ಒಣಬಟ್ಟೆಯಲ್ಲಿ ಒರೆಸಿಬಿಡಬೇಕು. ಅಂಗಳದಲ್ಲಿ ಹಾಕಿಸುವವರು ಅಂಚಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಹಲಗೆಯಡಿಯ ತಂಪು ಕತ್ತಲು ಚೇಳಿಗೆ ತುಂಬಾ ಇಷ್ಟ.

ಮತ್ತೆ ಹಾಕಿ ಎರಡು ಬೇಸಿಗೆ ಕಳೆದಿವೆ. ಒಂದು ಜೋಡಣೆಯ ಸಂದಿಯನ್ನು ನಾನು ಬೆಂಕಿಕಡ್ಡಿಯಿಂದ ಅಳೆಯುತ್ತಿರುತ್ತೇನೆ. ಡಿಸೆಂಬರ್ ನಸುಕಿನಲ್ಲಿ ಮೂರು ಕಡ್ಡಿ ಒಟ್ಟಿಗೆ ಇಳಿದು ಇನ್ನೂ ಅಲುಗಾಡುತ್ತವೆ. ಏಪ್ರಿಲ್ ಮಧ್ಯಾಹ್ನ ಒಂದು ಕಡ್ಡಿಯೂ ತೂರುವುದಿಲ್ಲ, ಆದರೆ ಅಂಚು ಅಂಚಿಗೆ ತಾಗಿರುವುದಿಲ್ಲ. ಕಣ್ಣಿಟ್ಟು ನೋಡಿದರೆ ಅಡಿಯ ಸ್ಲ್ಯಾಬಿನ ಮೇಲೆ ಕೂದಲೆಳೆಯಷ್ಟು ಬಿಸಿಲು ಬಿದ್ದಿರುವುದು ಕಾಣುತ್ತದೆ.