ಟೈಟೇನಿಯಂ ರಾಡ್‌ಗೆ ಯಾವ ಫಿನಿಶ್ ಕೇಳ್ಬೇಕು: ಆರ್‌ಎ ನಂಬರ್ ಏನ್ ಹೇಳ್ತದ, ಏನ್ ಹೇಳಲ್ಲ

ಮೆಟೀರಿಯಲ್ಸ್ ಪೇಪರ್‌ನಾಗೂ ಆರ್‌ಎ, ಅಂದ್ರ ಲೋಹದ ಮೈ ಎಷ್ಟು ಒರಟು ಅನ್ನೋ ನಂಬರ್, ಬರ್ತದ, ಮ್ಯಾನುಫ್ಯಾಕ್ಚರಿಂಗ್ ಪೇಪರ್‌ನಾಗೂ ಬರ್ತದ, ಎರಡೂ ಕಡಿ ಅರ್ಧಂಬರ್ಧ ಇರ್ತದ. ಹಿಂಗಾಗಿ ಓದಿದ್ದು ಮರಿಯೋದ್ರೊಳಗ ಎರಡೂ ಸೇರ್ಸಿ ಬರ್ದಿಡ್ಲಿಕತ್ತೀನಿ. ನಮ್ಮ ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಲೇಥ್ ಮ್ಯಾಲ ಕಾಣೋದೆಲ್ಲಾ ಹೆಚ್ಚಾಗಿ ಎಂಎಸ್ (ಸಾದಾ ಮೈಲ್ಡ್ ಸ್ಟೀಲ್), ಇಎನ್8 (ಮಧ್ಯಮ ಕಾರ್ಬನ್ ಸ್ಟೀಲ್), ಸ್ಟೇನ್‌ಲೆಸ್. ಟೈಟೇನಿಯಂ ಕೈಗೆ ಸಿಗೋದು ಕಮ್ಮಿ, ಆದ್ರ ಹೈದರಾಬಾದ್‌ನ ಸರ್ಕಾರಿ ಲೋಹದ ಕಾರ್ಖಾನಿ ಮಿಧಾನಿ 1973ರಾಗ ಶುರು ಆಗ್ಯದ, ಅಲ್ಲಿ ಟೈಟೇನಿಯಂ ಅಲಾಯ್ ಬಾರ್ ತಯಾರಾಗ್ತವ, ನಮಗ ಅದು ದೂರ ಅಲ್ಲ. ಇಲ್ಲಿ ಹೇಳೋದೆಲ್ಲಾ ಗ್ರೇಡ್ 5, ಅಂದ್ರ 6% ಅಲ್ಯೂಮಿನಿಯಂ 4% ವೆನೇಡಿಯಂ ಇರೋ ಅಲಾಯ್ ಬಗ್ಗೆ.

ಮೊದಲು ಮ್ಯಾಲಿನ ಸಿಪ್ಪಿ ತೆಗೀಬೇಕು

ರೋಲ್ ಮಾಡಿದ ಇಲ್ಲಾ ಫೋರ್ಜ್ ಮಾಡಿದ ರಾಡ್ ಕಪ್ಪಗ ಬರ್ತದ. ಆ ಕರಿ ಪದರು ಕಣ್ಣಿಗೆ ಕಾಣ್ತದ, ಆದ್ರ ಅದರ ಕೆಳಗ ಕಾಣದೇ ಇರೋದು ಇನ್ನೊಂದು ಅದ, ಅದಕ್ಕ ಆಲ್ಫಾ ಕೇಸ್ ಅಂತಾರ. ಟೈಟೇನಿಯಂನ ಗಾಳಿಯೊಳಗ 550–600 ಡಿಗ್ರಿ ದಾಟಿ ಕಾಸಿದ್ರ ಅದು ಆಕ್ಸಿಜನ್‌ನ ಒಳಗ ಎಳ್ಕೋತದ, ಮ್ಯಾಲಿನ ಪದರು ಗಟ್ಟಿ ಆಗ್ತದ, ಗಟ್ಟಿ ಆದದ್ದು ಜಲ್ದಿ ಸೀಳ್ತದ. ಇದರ ಮ್ಯಾಲ ಎಷ್ಟು ಪಾಲಿಶ್ ಹೊಡ್ದ್ರೂ ಉಪಯೋಗ ಇಲ್ಲ. ಲೇಥ್‌ನಾಗ ಇಲ್ಲಾ ಪೀಲಿಂಗ್ ಮಷಿನ್‌ನಾಗ ತೆಗೀಬೇಕು, ಇಲ್ಲಾಂದ್ರ ನೈಟ್ರಿಕ್ ಮತ್ತ ಹೈಡ್ರೋಫ್ಲೋರಿಕ್ ಆ್ಯಸಿಡ್ ಕೂಡ್ಸಿ ಪಿಕ್ಲಿಂಗ್ ಮಾಡ್ಬೇಕು, ಅಂದ್ರ ಅದರಾಗ ಅದ್ದಿ ಪದರು ಕರಗಿಸ್ಬೇಕು. ನೈಟ್ರಿಕ್ ಸುಮಾರು 10 ಪಾಲು, ಹೈಡ್ರೋಫ್ಲೋರಿಕ್ 1 ಪಾಲು ಇಡ್ತಾರ, ಯಾಕಂದ್ರ ನೈಟ್ರಿಕ್ ಕಮ್ಮಿ ಬಿದ್ರ ಲೋಹ ಹೈಡ್ರೋಜನ್ ಕುಡೀತದ, ಗ್ರೇಡ್ 5ಕ್ಕ ಹೈಡ್ರೋಜನ್ ಮಿತಿ ಬರೇ 0.015%. ಹೈಡ್ರೋಫ್ಲೋರಿಕ್ ಚರ್ಮದ ಮ್ಯಾಲ ಬಿದ್ರ ಒಳಗ ಎಲುಬಿನ ತನಕ ಹೋಗ್ತದ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಾಗ ಇಲ್ಲದ ಜಾಗದಾಗ ಈ ಕೆಲಸಕ್ಕ ಕೈ ಹಾಕ್ಬ್ಯಾಡ್ರಿ.

ಆರ್‌ಎ: ನಾನು ಭಾಳ ಹೊತ್ತು ನಿಂತದ್ದು ಇಲ್ಲೇ

ಪುಸ್ತಕದಾಗ ಟೇಬಲ್ ಇರ್ತದ: ಟರ್ನಿಂಗ್ 1.6ರಿಂದ 3.2 ಮೈಕ್ರಾನ್, ಸೆಂಟರ್‌ಲೆಸ್ ಗ್ರೈಂಡಿಂಗ್ (ರಾಡ್‌ನ ಸೆಂಟರ್‌ಗೆ ಹಿಡಿಯದೇ ಎರಡು ವೀಲ್ ನಡು ತಿಕ್ಕೋದು) 0.4ರಿಂದ 0.8, ಪಾಲಿಶ್ 0.2 ಇಲ್ಲಾ ಅದಕ್ಕೂ ಕೆಳಗ. ಟೇಬಲ್ ಬಾಯಿಪಾಠ ಮಾಡೋದು ಸುಲಭ. ಆದ್ರ ಒಂದೇ ಆರ್‌ಎ 0.4 ಇರೋ ಎರಡು ರಾಡ್ ತಗೊಂಡು ಬಗ್ಗಿಸಿ ಬಗ್ಗಿಸಿ ಫಟೀಗ್ ಟೆಸ್ಟ್ ಮಾಡಿದ್ರ ಒಂದು ಜಲ್ದಿ ಮುರೀತದ, ಇನ್ನೊಂದು ತಡೀತದ ಅಂದ್ರ ಹೆಂಗ? ನಂಬರ್ ಒಂದೇ ಇದ್ದಮ್ಯಾಲ ಫರಕ್ ಎಲ್ಲಿಂದ ಬಂತು?

ಆರ್‌ಎ ಅಂದ್ರ ಸರಾಸರಿ. ಪ್ರೋಬ್ ಮೈ ಮ್ಯಾಲ ಓಡ್ತದ, ನಡು ರೇಖೆಯಿಂದ ಎಷ್ಟು ಮ್ಯಾಲ ಎಷ್ಟು ಕೆಳಗ ಅನ್ನೋದನ್ನ ಎಲ್ಲಾ ಕೂಡ್ಸಿ ಅಳೆದ ಉದ್ದದಿಂದ ಭಾಗಿಸ್ತಾರ. ಈಗ ಲೆಕ್ಕ ಹಾಕಿ ನೋಡೋಣ. ಅಳೆಯೋ ಉದ್ದ 4 ಮಿಲಿಮೀಟರ್, ಅಂದ್ರ 4000 ಮೈಕ್ರಾನ್ (0.8 ಮಿಲಿಮೀಟರಿನ ಒಂದೊಂದು ತುಂಡು, ಅದಕ್ಕ ಕಟ್‌ಆಫ್ ಅಂತಾರ, ಅಂಥವು ಐದು). ಅದರಾಗ ಒಂದೇ ಒಂದು ಗೀರು ಅದ ಅನ್ಕೋರಿ, ಆಳ 10 ಮೈಕ್ರಾನ್, ಬಾಯಿ ಅಗಲ 20 ಮೈಕ್ರಾನ್, ವಿ ಆಕಾರ. ತ್ರಿಕೋನದ ಕ್ಷೇತ್ರಫಲ 20 ಗುಣಿಸು 10, ಅದರ ಅರ್ಧ, ಅಂದ್ರ 100. ಆ 100ನ್ನ 4000ದಿಂದ ಭಾಗಿಸಿದ್ರ 0.025. ನಡು ರೇಖೆ ಚೂರು ಸರೀತದ, ಅದನ್ನ ಬಿಡ್ರಿ. ಅಂದ್ರ 0.4 ಇದ್ದ ಆರ್‌ಎ ಸುಮಾರು 0.42 ಆಯ್ತು, ಅಷ್ಟೇ! ಮೀಟರ್ ಪಾಸ್ ಅಂತದ, ಕ್ರ್ಯಾಕ್ ಶುರು ಆಗೋದು ಅದೇ ಗೀರಿನ ತಳದಿಂದ. ಈ 0.025 ನನ್ನ ಕೈಯಿಂದ ಬಂದಾಗ ಇಡೀ ಚಾಪ್ಟರ್ ತಿಳೀತು. ಅದಕ್ಕೇ ಲೋಡ್ ತಿರುಗಿ ತಿರುಗಿ ಬೀಳೋ ರಾಡ್‌ಗೆ ಆರ್‌ಎ ಒಂದೇ ಸಾಲಲ್ಲ, ಆರ್‌ಝಡ್ ಇಲ್ಲಾ ಆರ್‌ಟಿ ಕೂಡ ಕೇಳ್ಬೇಕು, ಇವು ಅತೀ ಎತ್ತರ ಅತೀ ಆಳ ಹಿಡೀತಾವ, ಗೀರು ತಪ್ಪಿಸ್ಕೊಳ್ಳಲ್ಲ.

ಎರಡನೇದು ಗೆರಿ ಯಾವ ಕಡಿ ಓಡ್ಯದ ಅನ್ನೋದು. ಲೇಥ್‌ನಾಗ ತಿರುಗಿದ ರಾಡ್‌ನ ಟ್ಯೂಬ್‌ಲೈಟ್ ಕೆಳಗ ಹಿಡ್ದು ಉಗುರು ಉದ್ದಕ್ಕ ಎಳೀರಿ, ಕರ್ ಕರ್ ಅಂತ ಸಣ್ಣಗ ತಡೀತದ, ಅಡ್ಡ ಸುತ್ತಿದ್ರ ಏನೂ ತಡಿಯಲ್ಲ. ಅಂದ್ರ ಗೆರಿ ಸುತ್ತಲೂ ಬಳೆ ಹಂಗ ಅವ. ರಾಡ್ ಬಗ್ಗಿದಾಗ ಎಳೆತ ಉದ್ದಕ್ಕ ಬರ್ತದ, ಆ ಎಳೆತ ಸುತ್ತಲಿನ ಗೆರಿ ಬಾಯಿ ತೆಗೀತದ. ಅದೇ ಗೆರಿ ಉದ್ದಕ್ಕ ಇದ್ದಿದ್ರ ಎಳೆತ ಅದರ ಜೊತಿನೇ ಓಡ್ತದ, ಬಾಯಿ ತೆಗೆಯೋ ಜೋರು ಇರಲ್ಲ. ಹಂಗಾಗಿ ಕೊನೆ ಪಾಲಿಶ್ ಉದ್ದಕ್ಕ ಹೊಡೀರಿ ಅಂತ ಡ್ರಾಯಿಂಗ್ ಮ್ಯಾಲ ಬರೀಬೇಕು. ಇನ್ನೊಂದು ಹುಷಾರಿ: ಪ್ರೋಬ್ ಯಾವಾಗ್ಲೂ ಗೆರಿ ದಾಟಿ ಓಡ್ಬೇಕು, ಉದ್ದಕ್ಕ ಪಾಲಿಶ್ ಆದ ರಾಡ್‌ನ ಉದ್ದಕ್ಕೇ ಅಳೆದ್ರ ಗೆರಿ ಜೊತಿ ಓಡಿ ಸುಳ್ಳೇ ಕಮ್ಮಿ ನಂಬರ್ ಬರ್ತದ.

ಮೂರನೇದು ಶಾಟ್ ಪೀನಿಂಗ್. ಸಣ್ಣ ಗುಂಡು ಬಡಿದು ಮೈ ಒರಟು ಆಗ್ತದ, ಆರ್‌ಎ ಏರ್ತದ, ಆದ್ರೂ ಸರಿಯಾಗಿ ಮಾಡಿದ್ರ ಫಟೀಗ್ ಆಯುಷ್ಯ ಹೆಚ್ಚಾಗ್ತದ, ಯಾಕಂದ್ರ ಮ್ಯಾಲಿನ ಪದರಿನಾಗ ಒತ್ತಡ ಕೂತಿರ್ತದ, ಕ್ರ್ಯಾಕ್‌ಗೆ ಬಾಯಿ ತೆಗೀಲಿಕ್ಕೆ ಬಿಡಲ್ಲ. ಉಲ್ಟಾ, ಬಿಸಿ ಏರಿಸಿ ಗ್ರೈಂಡ್ ಮಾಡಿದ್ರ ನೋಡ್ಲಿಕ್ಕೆ ಕನ್ನಡಿ ಹಂಗ ಇದ್ರೂ ಒಳಗ ಎಳೆತ ಉಳೀತದ. ಟೈಟೇನಿಯಂ ಬಿಸಿ ಹೊರಗ ಬಿಡಲ್ಲ, ಶಾಖ ಸಾಗಿಸೋ ಶಕ್ತಿ ಮೀಟರ್-ಕೆಲ್ವಿನ್‌ಗೆ ಸುಮಾರು 7 ವ್ಯಾಟ್, ಸಾದಾ ಸ್ಟೀಲ್‌ದು 50ರ ಸುತ್ತಮುತ್ತ. ಅದಕ್ಕ ಸಿಲಿಕಾನ್ ಕಾರ್ಬೈಡ್ ವೀಲ್, ಕಮ್ಮಿ ಸ್ಪೀಡ್, ಕೂಲಂಟ್ ಧಾರಾಳ.

ಫೀಡ್ ಶಾರ್ಟ್‌ಕಟ್

ಇದು ನಂಗ ಭಾಳ ಸೇರಿದ್ದು. ಟರ್ನಿಂಗ್‌ನಾಗ ಆರ್‌ಎ ಅಂದಾಜು ಬೇಕಂದ್ರ ಫೀಡ್‌ನ (ರಾಡ್ ಒಂದು ಸುತ್ತು ತಿರುಗಿದಾಗ ಟೂಲ್ ಸರಿಯೋ ದೂರ) ವರ್ಗ ಮಾಡಿ, 32 ಗುಣಿಸು ಟೂಲ್‌ನ ನೋಸ್ ರೇಡಿಯಸ್‌ದಿಂದ (ತುದಿಯ ದುಂಡಿನ ತ್ರಿಜ್ಯ) ಭಾಗಿಸ್ರಿ, ಎಲ್ಲಾ ಮಿಲಿಮೀಟರ್‌ನಾಗ. ಫೀಡ್ 0.2, ರೇಡಿಯಸ್ 0.8 ಇದ್ರ 0.04 ಭಾಗ 25.6, ಅಂದ್ರ ಸುಮಾರು 0.0016 ಮಿಲಿಮೀಟರ್, ಅಂದ್ರ 1.6 ಮೈಕ್ರಾನ್. ಫೀಡ್ 0.1 ಮಾಡಿದ್ರ 0.4. ಫೀಡ್ ಅರ್ಧ, ಒರಟುತನ ಕಾಲು. ಇದು ಲೆಕ್ಕದ ಮಟ್ಟಿಗೆ ಮಾತ್ರ, ಮಷಿನ್ ಮ್ಯಾಲ ಇಷ್ಟು ಚಂದ ಬರಲ್ಲ, ಟೈಟೇನಿಯಂ ಟೂಲ್‌ಗೆ ಅಂಟ್ತದ, ಬಾಗುವ ಗುಣಾನೂ ಸ್ಟೀಲ್‌ಗಿಂತ ಹೆಚ್ಚು, ತೆಳ್ಳನ ರಾಡ್ ಟೂಲ್ ಮುಂದ ದೂರ ಸರೀತದ. ಆದ್ರ ವೈವಾದಾಗ ಫೀಡ್ ಬದಲಾಯಿಸಿದ್ರ ಏನಾಗ್ತದ ಅಂದಾಗ ಹೇಳ್ಲಿಕ್ಕೆ ಇದು ಸಾಕು.

ಸೈಜ್ ಬ್ಯಾರೆ, ಫಿನಿಶ್ ಬ್ಯಾರೆ

ಸೈಜ್ ಎಷ್ಟು ಕಮ್ಮಿ ಆದ್ರ ನಡೀತದ ಅನ್ನೋದಕ್ಕ ಎಚ್ ನಂಬರ್ ಬರೀತಾರ. 10 ಮಿಲಿಮೀಟರ್ ಎಚ್9 ಅಂದ್ರ 36 ಮೈಕ್ರಾನ್ ತನಕ ಕಮ್ಮಿ ಇರಬಹುದು, ಎಚ್8 ಅಂದ್ರ 22, ಎಚ್7 ಅಂದ್ರ 15. ಇದಕ್ಕೂ ಆರ್‌ಎಗೂ ನೇರ ಸಂಬಂಧ ಇಲ್ಲ, ಎರಡೂ ಬರೀಬೇಕು. ಸೆಂಟರ್‌ಲೆಸ್ ರಾಡ್ ಮೂರು ಮೂಲಿ ಆಗಿದ್ರೂ ಮೈಕ್ರೋಮೀಟರ್ ಎಲ್ಲಾ ಕಡಿ ಒಂದೇ ಅಳತಿ ತೋರಿಸ್ತದ, ವಿ-ಬ್ಲಾಕ್ ಮ್ಯಾಲಿಟ್ಟು ಡಯಲ್ ಹಚ್ಚಿ ತಿರುಗಿಸಿದ್ರ ಸಿಗಬೀಳ್ತದ.

ಯಾವ ಕೆಲಸಕ್ಕ ಯಾವುದು

ಪೂರಾ ಮತ್ತ ಮಷಿನ್ ಮಾಡೋದಿದ್ರ ಪೀಲ್ಡ್ ರಾಡ್ ಸಾಕು, ಗ್ರೌಂಡ್ (ಗ್ರೈಂಡ್ ಮಾಡಿದ) ರಾಡ್‌ಗೆ ರೊಕ್ಕ ಸುರಿಯೋದು ಬ್ಯಾಡ. ಸ್ಲೈಡಿಂಗ್-ಹೆಡ್ ಸಿಎನ್‌ಸಿ ಲೇಥ್‌ಗೆ ಹಾಕೋದಿದ್ರ ಗ್ರೌಂಡೇ ಬೇಕು, ರಾಡ್ ಗೈಡ್ ಬುಷ್‌ನಾಗ ಓಡ್ತದ, ಸೈಜ್ ಏರುಪೇರು ಇದ್ರ ಸಿಕ್ಕೊಳ್ತದ. ಬೆನ್ನೆಲುಬಿಗೆ ಹಾಕೋ 5.5 ಇಲ್ಲಾ 6 ಮಿಲಿಮೀಟರ್ ರಾಡ್ ದಿನಾ ಬಗ್ಗೋ ಮಾಲು, ಅದಕ್ಕ ನುಣುಪು ಮೈ ಬೇಕು, ಗೀರು ಕೂಡ್ದು. ಅದೇ ಹಲ್ಲಿನ ಇಂಪ್ಲಾಂಟ್‌ಗೆ ಬೇಕಂತಲೇ 1–2 ಮೈಕ್ರಾನ್ ಒರಟು ಇಡ್ತಾರ, ಎಲುಬು ಕಚ್ಕೋಬೇಕು ಅಂತ. ಇನ್ನು ಲೋಹಕ್ಕ ಲೋಹ ತಿಕ್ಕೋ ಕಡಿ ಎಷ್ಟೇ ನುಣುಪು ಮಾಡಿದ್ರೂ ಬರೇ ಟೈಟೇನಿಯಂ ಹಿಡ್ಕೊಂಡು ಕಿತ್ತು ಬರ್ತದ, ಅಲ್ಲಿ ಕೋಟಿಂಗ್ ಇಲ್ಲಾ ಬೂದು ಬಣ್ಣದ ಟೈಪ್ 2 ಅನೋಡೈಸಿಂಗ್ ನೋಡ್ಬೇಕು.

ಬಣ್ಣದ ಅನೋಡೈಸಿಂಗ್ ಬ್ಯಾರೆ. ಬೀದರ್‌ನ ಬಿದ್ರಿ ಕೆಲಸದಾಗ ಕ್ವಾಟಿ ಮಣ್ಣು ನವಸಾಗರ ಹಚ್ಚಿದಾಗ ಸತುವಿನ ಅಲಾಯ್ ತಾನೇ ಕಪ್ಪಾಗ್ತದ, ಬಣ್ಣ ಹೊರಗಿಂದ ಬಳಿಯಲ್ಲ. ಇಲ್ಲೂ ಡೈ ಇಲ್ಲ, ಕರೆಂಟ್ ಕೊಟ್ಟಾಗ ಲೋಹದ ಮೈಯಿಂದನೇ ಆಕ್ಸೈಡ್ ಪದರು ಬೆಳೀತದ, ವೋಲ್ಟ್‌ಗೆ ಸುಮಾರು 2 ನ್ಯಾನೋಮೀಟರ್. ಆ ಪದರಿನ ಮ್ಯಾಲಿಂದ ಕೆಳಗಿಂದ ತಿರುಗಿ ಬರೋ ಬೆಳಕು ಕೂಡಿ ಬಣ್ಣ ಕಾಣ್ತದ. 25–30 ವೋಲ್ಟ್‌ಗೆ ನೀಲಿ, 55–60ಕ್ಕ ಹಳದಿ, 100ರ ಹತ್ರ ಹಸಿರು. ಇಷ್ಟು ತೆಳು ಪದರು ಗೀರು ಮುಚ್ಚಲ್ಲ, ಕೆಳಗಿನ ಫಿನಿಶ್ ಹೆಂಗದ ಹಂಗೇ ಕಾಣ್ತದ. ಕೈಬೆರಳಿನ ಎಣ್ಣಿ ಉಳಿದ್ರೂ ಅಲ್ಲಿ ಕಲಿ ಬೀಳ್ತದ, ತೊಳೆದಮ್ಯಾಲ ಗ್ಲೌಸ್ ಹಾಕ್ಕೊಂಡೇ ಹಿಡೀರಿ.

ಎಮರಿ ಹೊಡೆಯೋರಿಗೆ ಒಂದ್ ಮಾತು: ಟೈಟೇನಿಯಂ ಪುಡಿ, ಸಣ್ಣ ಚಿಪ್ಸ್ ಬೆಂಚ್ ಮ್ಯಾಲ ಗುಡ್ಡೆ ಬೀಳ್ಲಿಕ್ಕೆ ಬಿಡಬ್ಯಾಡ್ರಿ, ಹೊತ್ಕೊಂಡ್ರ ನೀರು ಹಾಕಬಾರದು, ಸಿಓ2 ಸಿಲಿಂಡರೂ ಬ್ಯಾಡ. ಒಣ ಉಸುಕು ಇಲ್ಲಾ ಕ್ಲಾಸ್ ಡಿ ಪೌಡರ್ ಕೈಗೆ ಸಿಗೋ ಹಂಗ ಇಟ್ಕೊಂಡೇ ಮಷಿನ್ ಚಾಲೂ ಮಾಡ್ರಿ.