ಉಪ್ಪಿನ ಆಗರದಲ್ಲಿ ಫ್ಲೆಮಿಂಗೊಗೇನು ಕೆಲಸ?

ಪ್ರಶ್ನೆ: ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ಉಪ್ಪು ತೆಗೆಯುವ ಜಾಗದಲ್ಲೇ ಫ್ಲೆಮಿಂಗೊಗಳು ಮರಿ ಮಾಡುತ್ತವಂತೆ. ಉದ್ಯಮದ ಪಕ್ಕದಲ್ಲಿ ಹಕ್ಕಿ ಹೇಗೆ ಉಳಿಯುತ್ತದೆ?

ಉತ್ತರ: ಎರಡಕ್ಕೂ ಬೇಕಾದದ್ದು ಒಂದೇ ನೀರು, ಅದಕ್ಕೇ.

ವೆನೆಜುವೆಲಾದ ಉತ್ತರಕ್ಕಿರುವ ಬೊನೇರ್ ನೆದರ್ಲೆಂಡ್ಸ್‌ಗೆ ಸೇರಿದ ದ್ವೀಪ. ಮಳೆ ಕಡಿಮೆ, ಎಲ್ಲಿ ನೋಡಿದರೂ ಕಳ್ಳಿ ಗಿಡ. ಬಿಸಿಲು, ಗಾಳಿ ಮಾತ್ರ ಬೇಕಾದಷ್ಟು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರ ನೋಡಿದವರಿಗೆ ಇಲ್ಲಿನ ವಿಧಾನ ಹೊಸದೇನಲ್ಲ. ಸಮುದ್ರದ ನೀರನ್ನು ಒಂದು ಕೊಳದಿಂದ ಇನ್ನೊಂದಕ್ಕೆ ಬಿಡುತ್ತಾ ಹೋಗುತ್ತಾರೆ. ನೀರು ಆರಿದಂತೆ ಉಪ್ಪು ಗಟ್ಟಿಯಾಗುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಆಗರದ ಕೆಲಸ ನಿಲ್ಲುತ್ತದೆ, ಅಲ್ಲಿ ಆ ತಾಪತ್ರಯ ಇಲ್ಲ.

ಮಧ್ಯದ ಕೊಳಗಳಲ್ಲಿ ಉಪ್ಪು ಜಾಸ್ತಿಯಾದಾಗ ಮೀನು ಬದುಕುವುದಿಲ್ಲ. ತಿನ್ನುವ ಮೀನಿಲ್ಲದ ಆ ನೀರಿನಲ್ಲಿ ಉಪ್ಪುನೀರಿನ ಪುಟ್ಟ ಸಿಗಡಿಗಳಿಗೂ ನೊಣದ ಮರಿಹುಳುಗಳಿಗೂ ಹಬ್ಬ. ಅವುಗಳಿಗಾಗಿಯೇ ಫ್ಲೆಮಿಂಗೊ ಬರುವುದು. ತಲೆ ಕೆಳಗು ಮಾಡಿ, ಕೊಕ್ಕನ್ನು ಮಗುಚಿ ನೀರಿಗಿಳಿಸಿ, ನಾಲಿಗೆಯಿಂದ ಪಂಪ್ ಹೊಡೆದ ಹಾಗೆ ನೀರೆಳೆದು ಆಚೆ ತಳ್ಳುತ್ತದೆ. ಕೊಕ್ಕಿನ ಅಂಚಿನ ಜರಡಿಯಲ್ಲಿ ಊಟ ಉಳಿಯುತ್ತದೆ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು ಅಂತೀವಲ್ಲ, ಈ ಹಕ್ಕಿಗೆ ಇನ್ನೊಂದು ದಾರಿಯೂ ಇದೆ. ಕಣ್ಣಿನ ಹತ್ತಿರದ ಗ್ರಂಥಿಗಳು ಮೈಯಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನ ಹೊಳ್ಳೆಯಿಂದ ಹೊರಹಾಕುತ್ತವೆ.

ಊಟ ಸಿಕ್ಕರಷ್ಟೇ ಸಾಲದು. ಗೂಡು ಅಂದರೆ ಬರೀ ಕೆಸರಿನ ಗುಡ್ಡೆ, ಅದರ ಮೇಲೆ ಒಂದೇ ಮೊಟ್ಟೆ. ಸದ್ದುಗದ್ದಲವಾದರೆ ಗುಂಪಿಗೆ ಗುಂಪೇ ಗೂಡು ಬಿಟ್ಟು ಹೋಗುವುದುಂಟು. ಅದಕ್ಕೇ 1969ರಲ್ಲಿ ಆಗರದೊಳಗೇ ಪೆಕೆಲ್‌ಮೇರ್ ಎಂಬ ಸುಮಾರು 55 ಹೆಕ್ಟೇರ್ ಜಾಗವನ್ನು ಹಕ್ಕಿಗಳಿಗೆ ಬಿಟ್ಟರು. ಜನರಿಗೆ ಒಳಗೆ ಪ್ರವೇಶವಿಲ್ಲ. ದೂರದಿಂದ ರಸ್ತೆಯಲ್ಲಿ ನಿಂತು ನೋಡಬೇಕು, ಅಷ್ಟೇ.

ಮನುಷ್ಯರಿಗೆ ಈ ದಯೆ ಸಿಕ್ಕಿರಲಿಲ್ಲ. ಇದೇ ತೀರದಲ್ಲಿ 1850ರ ಸುಮಾರಿಗೆ ಉಪ್ಪು ಹೊರುವ ಗುಲಾಮರಿಗೆಂದು ಕಟ್ಟಿದ ಕಲ್ಲಿನ ಗುಡಿಸಲುಗಳು ಇವತ್ತಿಗೂ ಇವೆ. ಬಾಗಿಲು ಎಷ್ಟು ಗಿಡ್ಡ ಅಂದರೆ ಬಗ್ಗಿಕೊಂಡೇ ಒಳಗೆ ಹೋಗಬೇಕು. ಗುಲಾಮಗಿರಿ ರದ್ದಾದದ್ದು 1863ರಲ್ಲಿ.

ಇನ್ನು ಬಣ್ಣದ ವಿಷಯ. ಮರಿ ಹುಟ್ಟಿದಾಗ ಬೂದು ಬಣ್ಣ. ಉಪ್ಪುನೀರಿನ ಪಾಚಿಯಲ್ಲಿರುವ ಕೆಂಪು ಅಂಶ ಸಿಗಡಿಗೆ, ಸಿಗಡಿಯಿಂದ ಹಕ್ಕಿಯ ಗರಿಗೆ ಬರುತ್ತದೆ. ಅಪ್ಪ-ಅಮ್ಮನ ಹಾಗೆ ಗುಲಾಬಿಯಾಗಬೇಕಾದರೆ ಮರಿ ಕೆಲವು ವರ್ಷ ಈ ಕೊಳಗಳಲ್ಲಿ ಮೇಯಲೇಬೇಕು.